ಪ್ರೀಮಿಯಂ ಬೇಡ ಅಂದವನು

"ನಿಮಗೆ ಪ್ರೀಮಿಯಂ ಬೇಡ ಮೇಡಂ. ಬೇಸಿಕ್ ಸಾಕು."

ಸಹಿ ಹಾಕಲು ಹೊರಟಿದ್ದ ಅವಳ ಪೆನ್ನು ಅಲ್ಲೇ ನಿಂತಿತು. ಹೋದ ವಾರ ಪ್ರೀಮಿಯಂ ಎಂದು ಬರೆದುಕೊಟ್ಟವನೂ ಇವನೇ!

ಗ್ರಂಥಾಲಯಕ್ಕೂ ಅದರ ಶಾಖೆಗಳಿಗೂ ಹೊಸ ರೂಟರ್ ಕೊಳ್ಳುವ ಜವಾಬ್ದಾರಿ ಅವಳದು. ಪೆಟ್ಟಿಗೆ ಒಂದೇ, ಅದು ಎಷ್ಟು ಕೆಲಸ ಮಾಡಬೇಕೆಂಬುದನ್ನು ಸಾಫ್ಟ್‌ವೇರ್ ಲೈಸೆನ್ಸ್ ನಿರ್ಧರಿಸುತ್ತದೆ: ಅಗ್ಗದ್ದು ಬೇಸಿಕ್, ದುಬಾರಿಯದು ಪ್ರೀಮಿಯಂ. ಪ್ರೀಮಿಯಂ ಕೊಂಡರೆ ಮಾರುವ ಕಂಪನಿಯ ಎಂಜಿನಿಯರ್, ಅಂದರೆ ಇವನೇ, ಪ್ರತಿ ತಿಂಗಳು ಬಂದು ನೋಡಿಕೊಳ್ಳಬೇಕು.

ಓಹೋ... ಇಲ್ಲಿಗೆ ಬರುವುದೇ ಇವನಿಗೆ ಬೇಡವಾಗಿದೆ!

ಎದೆ ಚುರುಕ್ಕೆಂದಿತು. ಅವನು ಬರುವ ದಿನ ತಾನು ಎರಡೆರಡು ಸಲ ಕನ್ನಡಿ ನೋಡಿಕೊಳ್ಳುತ್ತಿದ್ದದ್ದು ನೆನಪಾಗಿ ನಾಚಿಕೆಯೂ ಆಯಿತು. ಯೋಚಿಸಿ ಹೇಳುತ್ತೇನೆಂದು ಕಳಿಸಿಬಿಟ್ಟಳು.

ಮನೆಯಲ್ಲಿ ಅಕ್ಕ ಎಲ್ಲ ಕೇಳಿ ನಕ್ಕಳು. "ಬೆಕ್ಕು ಹಾಲು ಬೇಡ ಅಂದ್ರೆ ಹೊಟ್ಟೆನೋವಿರ್ಬೇಕು, ಇಲ್ಲ ವೈರಾಗ್ಯ ಬಂದಿರ್ಬೇಕು. ಯಾವುದು ಅಂತ ನೋಡೇ."

ನೋಡಬೇಕು... ಪರೀಕ್ಷೆ ಮಾಡಿಯೇ ನೋಡಬೇಕು.

ಅವಳಿಗಿದ್ದ ಭಯ ಒಂದೇ: ಇಂಟರ್ನೆಟ್ ಲೈನ್ ಕೈಕೊಟ್ಟರೆ ಎಲ್ಲ ಸ್ತಬ್ಧ. ಆ ಭಯ ಹೇಳಿಕೊಂಡಾಗಲೇ ಅವನು, ಒಂದು ಲೈನ್ ಹೋದರೆ ತಾನಾಗಿ ಇನ್ನೊಂದಕ್ಕೆ ಬದಲಾಗಲು ಪ್ರೀಮಿಯಂ ಬೇಕು ಎಂದು ಬರೆದಿದ್ದ. ಮರುದಿನ ವಾಚನಾಲಯದ ಕಂಪ್ಯೂಟರ್‌ಗಳನ್ನೂ ಎರಡು ಇಂಟರ್ನೆಟ್ ಲೈನ್‌ಗಳನ್ನೂ ಅವನು ಪ್ರಯೋಗಕ್ಕೆ ಕೊಟ್ಟಿದ್ದ ರೂಟರ್‌ಗೆ ಜೋಡಿಸಿ, ಅದನ್ನು ಬೇಸಿಕ್‌ಗೆ ಇಳಿಸಿದಳು. ಮೊದಲ ಲೈನಿನ ಕೇಬಲ್ ಕಿತ್ತಳು.

ಓಡಿಹೋಗಿ ಇಣುಕಿದರೆ, ಕಂಪ್ಯೂಟರ್ ಮುಂದೆ ಕೂತವರು ಯಾರೂ ತಲೆಯೆತ್ತಿಯೇ ಇಲ್ಲ. ಎರಡನೆಯ ಲೈನ್ ಸದ್ದಿಲ್ಲದೆ ಹೊಣೆ ಹೊತ್ತಿತ್ತು.

ಹಾಗಾದರೆ ಬೇಸಿಕ್ ಸಾಕು ಅಂದದ್ದು ನಿಜ. ಮತ್ತೆ ಮೊದಲು ಪ್ರೀಮಿಯಂ ಬರೆದದ್ದೇಕೆ?

ಅವನನ್ನು ಕರೆಸಿ ನೇರವಾಗಿ ಕೇಳಿಯೇಬಿಟ್ಟಳು.

ಅವನು ಮೇಜಿನ ಅಂಚು ಸವರಿದ.

"ತಿಂಗಳಿಗೊಮ್ಮೆಯಾದ್ರೂ ನಿಮ್ಮನ್ನ ನೋಡಬಹುದು ಅನ್ನೋ ಆಸೆಗೆ ಬರೆದೆ. ಆದ್ರೆ ನೀವು ನನ್ನ ಮಾತು ನಂಬಿ ಸಹಿ ಹಾಕೋಕೆ ಹೊರಟ್ರಲ್ಲ... ಆಗ ಸುಮ್ಮನಿರೋಕೆ ಆಗಲಿಲ್ಲ."

ಅವಳ ಕಣ್ಣು ಮಂಜಾಯಿತು. ಬೇಸಿಕ್ ಎಂದು ಗುರುತು ಹಾಕಿ, ಸಹಿ ಮಾಡಿ, ಹಾಳೆಯನ್ನು ಅವನತ್ತ ಸರಿಸಿದಳು.

ಅವನ ಮುಖ ಬಾಡಿತು. "ಸರಿ. ಇನ್ನು ನನಗೆ ಇಲ್ಲಿ ಕೆಲಸ ಇಲ್ಲ."

"ಕೆಲಸ ಇದ್ರೇನೇ ಬರ್ಬೇಕಾ?"

ಅವನು ಥಟ್ಟನೆ ತಲೆಯೆತ್ತಿದ.

"ಹಾಗಾದ್ರೆ... ತಿಂಗಳಿಗೊಮ್ಮೆ ಬರ್ಲಾ?"

"ಅಷ್ಟು ನನಗೆ ಸಾಕಾಗಲ್ಲ," ಎಂದಳು ಅವಳು, ಮೆಲ್ಲಗೆ.