ಕಂಬಳಿ ಹೊದ್ದು ಕೂತವಳು

ಹಿತ್ತಲ ಬಾಗಿಲಲ್ಲಿ ನಿಂತವನನ್ನು ಕಂಡು ದಾನವ್ವನ ಕೈಯಿಂದ ಸೀಗೆಪುಡಿಯ ಬಟ್ಟಲು ಜಾರಿತು.

ಅವನೇ... ಉಳವಪ್ಪ. ಹೆಗಲ ಮೇಲೆ ಮೂರು ಕಾಲಿನ ಸ್ಟ್ಯಾಂಡು, ಕೈಯಲ್ಲಿ ಕ್ಯಾಮೆರಾದ ಪೆಟ್ಟಿಗೆ. ಎರಡು ವರ್ಷದ ಹಿಂದೆ ಇದೇ ಮನೆಯಲ್ಲಿ ಅವಳ ಫೋಟೊ ತೆಗೆದವನು. ಅವಳ ಬಾಳಿಗೆ ಮಣ್ಣು ಹಾಕಿದವನು.

"ಯಾಕ ಬಂದ್ರಿ?"

"ನಿಮ್ಮ ಅಪ್ಪ ಹೇಳಿ ಕಳಿಸಿದ್ರು. ಫೋಟೊ ತಗೀಬೇಕಂತ."

"ಯಾರದು?"

ಉಳವಪ್ಪ ತಲೆ ತಗ್ಗಿಸಿದ. "ಟಗರಿಂದ್ರಿ."

ಹೌದು, ಟಗರಿನದೇ. ನಗಬೇಡಿ, ಅಳುವ ಮಾತಿದು. ಹಿರೇಕೆರೂರಿನ ಕರಿಬಸಪ್ಪ ಸಾಹುಕಾರರಿಗೆ ನಲವತ್ತೈದು ದಾಟಿತ್ತು, ಮೊದಲ ಹೆಂಡತಿ ತೀರಿಕೊಂಡಿದ್ದಳು. ದಾನವ್ವನನ್ನು ಮಾಡಿಕೊಳ್ಳುತ್ತೀರಾ ಎಂದು ಕೇಳಿದ್ದಕ್ಕೆ ಅವರು ಹೇಳಿ ಕಳಿಸಿದ್ದು ಇಷ್ಟು: "ಹುಡುಗಿ ಫೋಟೊ ಬ್ಯಾಡ. ಅದನ್ನ ಹುಬ್ಬಳ್ಳಿ ಮಂದಿ ಎಲ್ಲಾ ನೋಡ್ಯಾರ. ಆಕಿ ಜೋಡಿ ಆ ಕಾಳಗದ ಟಗರನ್ನೂ ಕೊಡ್ತೀರಂದ್ರ ಟಗರಿನ ಫೋಟೊ ಕಳಸ್ರಿ. ನೋಡಿ ಹೂಂ ಅಂತೇನಿ."

ಅವರ ಊರು ತಿಳವಳ್ಳಿಯಲ್ಲಿ ಹೆಣ್ಣು ನೋಡುವ ಶಾಸ್ತ್ರ ಟಗರಿಗೆ ನಡೆದದ್ದು ಆ ೧೯೩೮ನೇ ಇಸವಿಯಲ್ಲಿ ಮಾತ್ರ. ಫೋಟೊ ಒಪ್ಪಿಗೆಯಾದರೆ ವಾರದಲ್ಲಿ ವೀಳ್ಯ ಎಂದು ಅಪ್ಪ ಕುಬೇರಪ್ಪ ಆಗಲೇ ಮಾತು ಕೊಟ್ಟಾಗಿತ್ತು.

ಆ ಟಗರು, ಸರದಾರ, ತಾಯಿಯಿಲ್ಲದ ಮರಿಯಾಗಿ ದಾನವ್ವನ ಮಡಿಲಿಗೆ ಬಂದದ್ದು. ತಾಯಿಯಿಲ್ಲದ ಹುಡುಗಿ, ತಾಯಿಯಿಲ್ಲದ ಮರಿ. ಬಟ್ಟೆಯ ಬತ್ತಿಯಲ್ಲಿ ಹಾಲು ಚೀಪಿಸಿ ಬೆಳೆಸಿದ್ದಳು. ಇವತ್ತು ಅದೇ ಕೈಯಿಂದ ಅದರ ಮೈ ತೊಳೆದು, ಕೊಂಬಿಗೆ ಕುಸುಬೆ ಎಣ್ಣೆ ಹಚ್ಚಿ, ಕೊರಳಿಗೆ ಕೆಂಪು ಗೊಂಡೆ ಕಟ್ಟುತ್ತಿದ್ದಳು. ತನ್ನನ್ನು ತಾನೇ ಸಿಂಗರಿಸಿ ಕಳಿಸಿಕೊಟ್ಟಂತಿತ್ತು ಆ ಕೆಲಸ.

'ಇವನೇ ಬರಬೇಕಿತ್ತಾ? ಗಾಯ ಮಾಡಿದವನೇ ಉಪ್ಪು ಸವರಲಿಕ್ಕೆ...'

ಎರಡು ವರ್ಷದ ಹಿಂದೆ ಶಿಗ್ಗಾಂವಿಯ ಒಂದು ಮನೆತನದವರಿಗೆ ತೋರಿಸಲೆಂದು ಅಪ್ಪ ಹುಬ್ಬಳ್ಳಿಯ ಸ್ಟುಡಿಯೊದಿಂದ ಇವನನ್ನು ಕರೆಸಿದ್ದರು. ತಿಂಗಳು ಕಳೆಯುವುದರೊಳಗೆ ಆ ಫೋಟೊ ಸ್ಟುಡಿಯೊದ ಬಾಗಿಲ ಪಕ್ಕ, ರಸ್ತೆಗೆ ಮುಖ ಮಾಡಿ, ಗಾಜಿನ ಪೆಟ್ಟಿಗೆಯಲ್ಲಿ ಕೂತಿತ್ತು. ಶಿಗ್ಗಾಂವಿಯವರು ಕಂಡರು. "ಬೀದ್ಯಾಗ ಕುಂತ ಹೆಣ್ಣು ನಮಗ ಬ್ಯಾಡ" ಎಂದರು. ಆಡಿಕೊಳ್ಳುವವರಿಗೆ ಅಷ್ಟು ಸಾಕಾಯಿತು, ಆಮೇಲೆ ಒಂದು ಸಂಬಂಧವೂ ಈ ಹೊಸ್ತಿಲು ತುಳಿಯಲಿಲ್ಲ.

ನಿಜ ಹೇಳಬೇಕೆಂದರೆ ಶಿಗ್ಗಾಂವಿಯ ಹುಡುಗನಿಗಾಗಿ ದಾನವ್ವ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಅವಳು ಅತ್ತದ್ದು ಇವನಿಗಾಗಿ. ಅವತ್ತು ಕ್ಯಾಮೆರಾದ ಕರಿಬಟ್ಟೆಯಿಂದ ಹೊರಗೆ ಬಂದು, ಕಿವಿ ಕೆಂಪಗೆ ಮಾಡಿಕೊಂಡು, "ಈ ಫೋಟೊ ಇನ್ನೊಬ್ರಿಗೆ ಕೊಡಾಕ ಮನಸ್ಸ ಬರವಲ್ದು" ಎಂದಿದ್ದ. ಆ ಒಂದು ಮಾತನ್ನು ಅವಳು ಎಷ್ಟು ದಿನ ಎದೆಯಲ್ಲಿಟ್ಟುಕೊಂಡಿದ್ದಳು... ಅಂಥವನೇ ಅವಳನ್ನು ಬೀದಿಗಿಟ್ಟ. ಆಮೇಲೊಮ್ಮೆ ಅವನು ಬಾಗಿಲಿಗೆ ಬಂದಾಗ, ಮುಖಕ್ಕೆ ಹೊಡೆದಂತೆ ಕದ ಹಾಕಿಕೊಂಡಿದ್ದಳು.

ಚಪ್ಪರದ ನೆರಳಲ್ಲಿ ಸ್ಟ್ಯಾಂಡು ನಿಂತಿತು. ಸರದಾರ ಅದನ್ನು ನೋಡಿದ್ದೇ ತಡ, ತಲೆ ಬಾಗಿಸಿ ಹಾಯಲು ಹೋಯಿತು. ಉಳವಪ್ಪ ಪೆಟ್ಟಿಗೆಯನ್ನು ತಬ್ಬಿ ಹಿಂದಕ್ಕೆ ಜಿಗಿದ.

"ನಾಕು ಎಣಿಸೂತನಕ ಅಲಗಾಡಬಾರ್ದ್ರಿ. ನೀವು ಹಿಡಕೊಂಡ್ರ ನಿಂದರತೈತಿ."

"ನಾ ಫೋಟೊದಾಗ ಬರಂಗಿಲ್ಲ. ಒಮ್ಮೆ ಬಂದದ್ದು ಸಾಕಾಗೇತಿ."

ಆ ಮಾತು ಅವನಿಗೆ ನಾಟಿತು. ಸ್ಟ್ಯಾಂಡನ್ನು ಎರಡು ಹೆಜ್ಜೆ ಹಿಂದಕ್ಕೆ ಸರಿಸಿ ಹೇಳಿದ, "ಸಣ್ಣ ಕೂಸಿನ ಫೋಟೊ ತಗಿಯುವಾಗ ತಾಯಿಗೆ ಅರಿವಿ ಹೊದಿಸಿ ಹಿಂದ ಕುಂದರಸ್ತೇವಿ. ಕೂಸಷ್ಟ ಕಾಣತೈತಿ. ನೀವೂ ಹಂಗ ಕುಂದರ್ರಿ."

ದಾನವ್ವ ಕರಿಕಂಬಳಿ ತಂದಳು. ಸರದಾರನ ಹಿಂದೆ ಕೂತು ತಲೆಯಿಂದ ಕಾಲಿನವರೆಗೆ ಹೊದ್ದು, ಒಳಗಿನಿಂದ ಕೈ ಚಾಚಿ ಅದರ ಹೊಟ್ಟೆ ಸವರಿದಳು. ಅದು ಕಲ್ಲಿನಂತೆ ನಿಂತಿತು. ಎರಡು ವರ್ಷದಿಂದ ಮುಖ ಮರೆಸಿಕೊಂಡೇ ಬದುಕಿದವಳಿಗೆ ಕಂಬಳಿಯ ಕತ್ತಲೆ ಹೊಸದೇನಾಗಿರಲಿಲ್ಲ.

ಅಷ್ಟರಲ್ಲಿ ಅಪ್ಪನ ಚಪ್ಪಲಿಯ ಸದ್ದು ಕೇಳಿಸಿತು. ಕುಬೇರಪ್ಪ ಟಗರನ್ನು ನೋಡಿದರು, ಹಿಂದಿನ ಕಂಬಳಿಯನ್ನು ನೋಡಿ ಫೋಟೊಕ್ಕೆ ಕಟ್ಟಿದ ಪರದೆಯೆಂದುಕೊಂಡರು. ಮಗಳು ಒಲೆಯ ಮುಂದೆ ಇದ್ದಾಳೆಂದುಕೊಂಡು ದನಿ ತಗ್ಗಿಸಿದರು.

"ಉಳವಪ್ಪಾ, ದಾನಿ ಮುಂದ ಆ ಮಾತು ತಗದಿಲ್ಲಲ್ಲ?"

"ಯಜಮಾನ್ರ, ಈಗ ಬ್ಯಾಡ್ರಿ..."

"ತಗೀಬ್ಯಾಡಪಾ, ಕೈ ಮುಗಿತೇನಿ. ಗಾಜಿನ್ಯಾಗ ಇಡ್ರಿ, ನನ್ನ ಮಗಳ ರೂಪ ನಾಕು ಮಂದಿ ನೋಡ್ಲಿ ಅಂತ ನಿಮ್ಮ ಮಾಲಕಗ ಹೇಳಿದಾವ ನಾನ. ಅದು ತಿಳೀತಂದ್ರ ಆಕಿ ನನ್ನ ಮಾರಿ ನೋಡಂಗಿಲ್ಲ. ಇಷ್ಟು ದಿನ ತಪ್ಪ ನಿನ್ನ ಮ್ಯಾಲ ಹೊತಗೊಂಡಿ. ಇನ್ನೊಂದು ವಾರ, ಆಕಿ ವೀಳ್ಯ ಮುಗಿಯೂತನಕ..."

ಕಂಬಳಿ ನಡುಗಿತು. ಸರದಾರ ಬೆದರಿ ಪಕ್ಕಕ್ಕೆ ಸರಿಯಿತು. ದಾನವ್ವ ಎದ್ದು ನಿಂತಾಗ ಕಂಬಳಿ ತಾನಾಗಿ ಕಾಲ ಬಳಿ ಬಿತ್ತು.

"ಅಪ್ಪಾ..."

ಕುಬೇರಪ್ಪ ಕಟ್ಟೆಯ ಮೇಲೆ ಕುಸಿದು ಕೂತರು. ಮುಖದ ಬಣ್ಣವೇ ಇಳಿದಿತ್ತು. "ನಿನ್ನ ರೂಪದ ಸೊಕ್ಕು ನನಗಿತ್ತವ್ವ" ಎಂದರು.

ಅವಳು ಉಳವಪ್ಪನ ಕಡೆ ತಿರುಗಿದಳು. "ನೀವ್ಯಾಕ ಬಾಯಿ ಬಿಡಲಿಲ್ಲ?"

"ಅವತ್ತ ಬಾಗಲಿಗೆ ಬಂದಾಗ ಹೇಳಬೇಕಂತ ಇದ್ದೆ. ನೀವು ಕದ ಹಾಕಿದ್ರಿ. ಹೊರಗ ನಿಂತು ವಿಚಾರ ಮಾಡಿದೆ... ಸಂಬಂಧ ಹೋಗೇತಿ, ಹೇಳಿದ್ರ ಅಪ್ಪನೂ ಹೋಗ್ತಾರ. ನಿಮಗಿರೋರು ಅವರೊಬ್ಬರ. ನಾ ಹೊರಗಿನಾವ, ನನ್ನ ಬೈಕೋಂತ ಇರ್ಲಿ ಅಂದೆ. ಆ ಫೋಟೊದ ಗಾಜಿನ ಪ್ಲೇಟು ಒಡದು, ಕೆಲಸ ಬಿಟ್ಟು ಸವಣೂರಿಗೆ ಬಂದೆ."

ಸಂತೋಷವಾಗಬೇಕಿತ್ತು. ದಾನವ್ವನಿಗೆ ಬಂದದ್ದು ಸಿಟ್ಟು.

"ಒಬ್ರು ಗಾಜಿನ್ಯಾಗ ಇಟ್ರಿ, ಒಬ್ರು ಖರೇ ಮಾತು ಮುಚ್ಚಿದ್ರಿ. ಇಬ್ರೂ ನನ್ನ ಒಳ್ಳೇದಕ್ಕ ಅಂದ್ರಿ. ನನ್ನ ಒಂದು ಮಾತು ಕೇಳಿದವ್ರು ಯಾರು? ನಾ ಇವರನ್ನ ಬೈಕೋಂತ ಇದ್ದೆ ಅಂತ ತಿಳದೀರೇನು? ಬೈಯಾಕ ಬರದ ಅಳಕೋಂತ ಇದ್ದೆ."

ಆಡಿಬಿಟ್ಟ ಮೇಲೆ ಏನಾಡಿದೆನೆಂದು ಅವಳಿಗೇ ತಿಳಿದದ್ದು. ಉಳವಪ್ಪನ ಕಣ್ಣು ತುಂಬಿ ಬಂತು. ಕುಬೇರಪ್ಪ ಒಮ್ಮೆ ಮಗಳನ್ನು, ಒಮ್ಮೆ ಅವನನ್ನು ನೋಡಿದರು.

"ಫೋಟೊ... ಬ್ಯಾಡಾಗಿದ್ರ ನಾ ಹೋಗತೇನ್ರಿ" ಎಂದ ಉಳವಪ್ಪ.

"ತಗೀರಿ. ಆದ್ರ ನಾ ಕಂಬಳಿ ಹೊದಿಯಂಗಿಲ್ಲ."

ಸರದಾರನನ್ನು ಎಳೆದು ತಂದು, ಕೊರಳಿಗೆ ಕೈ ಹಾಕಿ, ಪಕ್ಕದಲ್ಲೇ ತಲೆ ಎತ್ತಿ ನಿಂತಳು. "ಅಪ್ಪಾ, ಹಿರೇಕೆರೂರಿಗೆ ಇದನ್ನ ಕಳಸ್ರಿ. ಹುಡುಗಿ ಫೋಟೊ ನೋಡಲಾರದ ಸಾಹುಕಾರ್ರು ಏನಂತಾರ ಅನ್ಲಿ."

ಏನನ್ನುತ್ತಾರೆಂದು ಕುಬೇರಪ್ಪನಿಗೆ ಗೊತ್ತಿತ್ತು. ಕೊಟ್ಟ ಮಾತು ಹೋಗುತ್ತದೆ, ಊರು ಮತ್ತೆ ಆಡಿಕೊಳ್ಳುತ್ತದೆ. ಆದರೂ ಮೊಣಕಾಲಿಗೆ ಕೈ ಊರಿ ಎದ್ದರು.

"ಕಳಸ್ತೇನವ್ವ. ಚಾ ನಾನ ಇಡತೇನಿ" ಎಂದು ಒಳಗೆ ಹೋದರು.

ಉಳವಪ್ಪ ಕರಿಬಟ್ಟೆಯೊಳಗೆ ತಲೆ ಹಾಕಿದ. ಕ್ಯಾಮೆರಾದ ಕಣ್ಣಿನ ಮುಚ್ಚಳ ತೆಗೆದು, ಒಂದು, ಎರಡು, ಮೂರು, ನಾಲ್ಕು ಎಣಿಸಿ ಮುಚ್ಚಿದ. ಆದರೂ ಕ್ಯಾಮೆರಾದ ಹಿಂದಿನಿಂದ ಹೊರಗೆ ಬರಲಿಲ್ಲ.

"ಇದರದೊಂದು ಪ್ರತಿ ನಾ ಇಟಗೊಳ್ಳಲ್ಯಾ?" ಎಂದ ಅಲ್ಲಿಂದಲೇ.

"ಯಾರನ್ನ ಕೇಳಾಕತ್ತೀರಿ?"

"ನಿಮ್ಮನ್ನ."

ದಾನವ್ವ ಸರದಾರನ ಕೊರಳಿನಿಂದ ಕೈ ತೆಗೆದಳು. ಇಷ್ಟು ದಿನಕ್ಕೆ ಒಬ್ಬರು ಅವಳನ್ನೇ ಕೇಳಿದ್ದರು.

"ಫೋಟೊ ಒಂದ ಸಾಕೇನು?"

ಅವನು ಹೊರಗೆ ಬಂದ. ಕಣ್ಣು ಒರೆಸಿಕೊಳ್ಳುವುದನ್ನೂ ಮರೆತಿದ್ದ. "ಸಾಕಾಗಂಗಿಲ್ರಿ. ಅವತ್ತೂ ಸಾಕಾಗಿರ್ಲಿಲ್ಲ."

"ಹಂಗಾದ್ರ ಒಳಗ ಹೋಗಿ ಅಪ್ಪನ್ನ ಕೇಳ್ರಿ."

"ನಿಮ್ಮ ಮಾತು ಏನ್ರಿ? ಅದನ್ನ ಮೊದಲ ಕೇಳತೇನಿ."

"ಹೂಂ" ಎಂದಳು ದಾನವ್ವ.