ಎಡಗೈಯ ಗಂಟು

ಆ ಸಂಜೆ ಕೆಂಡ್ರಾ ಮೇಬೆರಿ ನಮ್ಮ ಅಡುಗೆಮನೆಗೆ ಸಹಾಯ ಕೇಳಲು ಬಂದವಳಂತಿರಲಿಲ್ಲ, ಜಗಳಕ್ಕೆ ಬಂದವಳಂತಿದ್ದಳು. ಥರ್ಮೊಕೋಲ್ ಪೆಟ್ಟಿಗೆಯೊಂದನ್ನು ಮೇಜಿನ ಮೇಲೆ ಕುಕ್ಕಿ, ಕೋಟನ್ನೂ ಬಿಚ್ಚದೆ ಕುಳಿತಳು.

"ಡಾಕ್ಟ್ರೇ, ಒಂದೇ ಮಾತು ಹೇಳಿ. ನನಗೆ ಹುಚ್ಚು ಹಿಡಿದಿದೆಯಾ?"

"ಅದು ಬೇರೆ ವಿಭಾಗದವರ ಕೆಲಸ. ವೆರ್ನಾ, ಇವಳಿಗೆ ಕಾಫಿ ಕೊಡು," ಎಂದರು ಡಾ. ಆಗ್ನೆಸ್ ಟ್ರೆಮೇನ್.

ಆಗ್ನೆಸ್ ಪಿಟ್ಸ್‌ಬರ್ಗಿನಲ್ಲಿ ಬಹುಕಾಲ ಶಸ್ತ್ರಚಿಕಿತ್ಸಕಿಯಾಗಿದ್ದವರು. ಅಷ್ಟು ಕಾಲವೂ ಪಕ್ಕದಲ್ಲಿ ನಿಂತು ಕತ್ತರಿ, ಚಿಮಟ ಅವರ ಕೈಗಿಟ್ಟ ನರ್ಸ್ ನಾನು. ಅವರ ಬೆರಳುಗಳಿಗೆ ಸಂಧಿವಾತ ಬಂದ ಮೇಲೆ ಇಬ್ಬರೂ ಒಂದೇ ಮನೆಯಲ್ಲಿ ಉಳಿದೆವು. ಪೊಲೀಸರಿಗೂ ಹೇಳಲಾಗದ, ಮನಸ್ಸಿನಲ್ಲೂ ಇಟ್ಟುಕೊಳ್ಳಲಾಗದ ಸಂಗತಿಗಳನ್ನು ಆಸ್ಪತ್ರೆಯವರು ಈ ಮೇಜಿಗೇ ತರುತ್ತಿದ್ದರು.

ಕೆಂಡ್ರಾ ಮೂರನೆಯ ವರ್ಷದ ವೈದ್ಯ ವಿದ್ಯಾರ್ಥಿನಿ. ಬೇಸಿಗೆ ಮುಗಿದೊಡನೆ ಶಸ್ತ್ರಚಿಕಿತ್ಸೆಯ ತರಬೇತಿಗೆ ಅರ್ಜಿ ಹಾಕಬೇಕು, ಇಲ್ಲವೇ ಒಂದು ವರ್ಷ ಸಂಶೋಧನೆಗೆ ನಿಂತು ಆಮೇಲೆ ಹಾಕಬೇಕು. ಯಾವುದೆಂದು ನಾಳೆ ಸಂಜೆಯೊಳಗೆ ಡೀನ್‌ಗೆ ತಿಳಿಸಬೇಕಿತ್ತು.

"ಸಂಶೋಧನಾ ಪ್ರಬಂಧ ಇಲ್ದೆ ಹೋದ್ರೆ ನಿನ್ನ ಕಡೆ ಯಾರೂ ತಿರುಗಿ ನೋಡಲ್ಲ ಅಂತಾರೆ ಒಬ್ರು. ಒಂದು ವರ್ಷ ನಿಂತ್ರೆ ಏನೋ ಕೊರತೆ ಇತ್ತು, ಅದಕ್ಕೇ ನಿಂತಳು ಅಂದ್ಕೋತಾರೆ ಅಂತಾರೆ ಇನ್ನೊಬ್ರು. ನಮ್ಮಮ್ಮ ಫೋನಲ್ಲಿ, ಇನ್ನೂ ಎಷ್ಟು ಓದ್ತೀಯೇ, ನಿನ್ನ ತಂಗಿಗೆ ಎರಡನೇ ಮಗು ಆಯ್ತು ಅಂತಾಳೆ. ನನ್ನ ಒಂದು ವರ್ಷದ ಬಗ್ಗೆ ಊರಿಗೆಲ್ಲಾ ಅಭಿಪ್ರಾಯ ಇದೆ! ಐಸಾಕ್ ಒಬ್ಬನೇ ಏನೂ ಹೇಳದವನು. ನಿನಗೆ ಹೇಗನ್ಸುತ್ತೋ ಹಾಗೆ ಮಾಡು ಅಂತಾನೆ."

"ಐಸಾಕ್ ಅಂದ್ರೆ?"

"ನನ್ನ ಜೊತೇಲಿರೋನು. ಒಂದು ವರ್ಷ ಕೆಳಗಿನ ಕ್ಲಾಸು."

ಪ್ರಬಂಧ ಇನ್ನೇನು ಕೈಗೆ ಬರುವುದರಲ್ಲಿತ್ತಂತೆ. ಡಾ. ಹಾಲ್ವರ್ಸನ್ ಅವರ ಲ್ಯಾಬಿನಲ್ಲಿ, ಮೈ ಕೊರೆಯುವ ಶೈತ್ಯಪೆಟ್ಟಿಗೆಯೊಳಗೆ ಅವಳ ಮಾದರಿಗಳ ಡಬ್ಬಿ ಇತ್ತು. ಸೋಮವಾರ ಬೆಳಿಗ್ಗೆ ನೋಡಿದರೆ ಡಬ್ಬಿ ತನ್ನ ಜಾಗದಲ್ಲೇ ಇದೆ, ಆದರೆ ಸ್ವಲ್ಪ ವಾಲಿದೆ. ತೆರೆದರೆ ಪ್ರತಿ ಕೊಳವೆಯಲ್ಲೂ, ಮೊದಲು ನೆಟ್ಟಗೆ ಗಟ್ಟಿಯಾಗಿದ್ದ ದ್ರವ ಈಗ ಅದೇ ಓರೆಯಲ್ಲಿ ಹೆಪ್ಪುಗಟ್ಟಿದೆ. ಯಾರೋ ಹೊರಗೆ ತೆಗೆದು, ಕರಗಿಸಿ, ಮತ್ತೆ ಒಳಗಿಟ್ಟಿದ್ದರು. ಮಾದರಿಗಳು ಹಾಳಾಗಿದ್ದವು. ಅವಳೇ ಓಡಿಹೋಗಿ ಹಾಲ್ವರ್ಸನ್‌ಗೆ ತೋರಿಸಿದಳು.

"ಅವರೇನಂದ್ರು?"

"ನೀನೇ ಹೊರಗಿಟ್ಟು ಮರೆತೆ ಅಂದ್ರು! ಆ ಚಳಿಗೆ ರಬ್ಬರ್ ಬ್ಯಾಂಡ್ ಪುಡಿಯಾಗುತ್ತೆ, ಅದಕ್ಕೆ ನಾವು ಆಪರೇಷನ್ನಿಗೆ ಬಳಸೋ ಹಳೇ ಹೊಲಿಗೆ ದಾರದಲ್ಲಿ ಡಬ್ಬಿ ಕಟ್ತೀವಿ. ಈ ಗಂಟು ಎಡಗೈದು, ನಮ್ಮ ಲ್ಯಾಬಲ್ಲಿ ಎಡಗೈಯವಳು ನೀನೊಬ್ಬಳೇ ಅಂದ್ರು. ಒಂದು ವರ್ಷ ನಿಂತು ಮತ್ತೆ ಮಾಡಿಕೊಟ್ರೆ ಶಿಫಾರಸು ಪತ್ರ ಕೊಡ್ತಾರಂತೆ. ಇಲ್ಲಾಂದ್ರೆ ಇಲ್ಲ."

ಆಗ್ನೆಸ್ ಪೆಟ್ಟಿಗೆ ತೆರೆದರು. ಒಳಗೆ ಅದೇ ಡಬ್ಬಿ ಇತ್ತು. ಕೆಂಡ್ರಾ ದಾರವನ್ನು ಗಂಟಿನ ಆಚೆ ಬದಿಯಲ್ಲಿ ಕತ್ತರಿಸಿದ್ದಳು, ಗಂಟು ಹಾಗೇ ಇತ್ತು. ಅದನ್ನು ದೀಪದ ಕೆಳಗೆ ಹಿಡಿದು ಬಹಳ ಹೊತ್ತು ನೋಡಿದರು.

"ಲ್ಯಾಬಿನ ಬಾಗಿಲ ಸಂಖ್ಯೆ ಯಾರ್ಯಾರಿಗೆ ಗೊತ್ತು?"

"ಹಾಲ್ವರ್ಸನ್‌ಗೆ, ನನಗೆ, ಲ್ಯಾಬಲ್ಲಿ ನನ್ನ ಜೊತೆ ಕೆಲಸ ಮಾಡೋ ಡಾಲ್ಟನ್‌ಗೆ. ನನ್ನ ಪ್ರಬಂಧ ನಿಂತ್ರೆ ಅವನದು ಮೊದಲು ಅಚ್ಚಿಗೆ ಹೋಗುತ್ತೆ. ಐಸಾಕ್‌ಗೂ ಹೇಳಿದೀನಿ, ಕರ್ಕೊಂಡು ಹೋಗೋಕೆ ಬಂದಾಗ ಚಳೀಲಿ ಹೊರಗೆ ಯಾಕೆ ನಿಲ್ಬೇಕು ಅಂತ. ಪಾಪ, ಅವನು ಕಾಲೇಜಿಗೆ ಸೇರಿದ ಹೊಸದ್ರಲ್ಲಿ ಗಂಟು ಹಾಕೋದನ್ನೂ ನಾನೇ ಕಲಿಸಿದ್ದು, ಸಿಂಕಿನ ನಲ್ಲಿಗೆ ದಾರ ಕಟ್ಟಿ."

ಕಪ್ಪನ್ನು ಎಡಗೈಯಲ್ಲಿ ಎತ್ತಿ ಕುಡಿದು ಕೆಳಗಿಟ್ಟಳು. ಮಾತಾಡುತ್ತಲೇ ಜೇಬಿನಿಂದ ದಾರ ತೆಗೆದು ಅದರ ಹಿಡಿಗೆ ಗಂಟಿನ ಮೇಲೆ ಗಂಟು ಹಾಕತೊಡಗಿದಳು. ಈ ವಿದ್ಯಾರ್ಥಿಗಳೆಲ್ಲ ಹೀಗೇ, ಕೈಗೆ ದಾರ ಸಿಕ್ಕರೆ ಕುರ್ಚಿಯನ್ನೂ ಬಿಡುವುದಿಲ್ಲ.

ಅವಳು ಹೋದ ಮೇಲೆ ಕಪ್ಪು ತೊಳೆಯಲು ಎತ್ತಿಕೊಂಡೆ.

"ಅದನ್ನ ಮುಟ್ಟಬೇಡ ವೆರ್ನಾ. ನಾಳೆ ಮಧ್ಯಾಹ್ನ ಕೆಂಡ್ರಾ ಜೊತೆ ಆ ಮೂವರನ್ನೂ ಊಟಕ್ಕೆ ಕರಿ. ಮೇಜಿನ ಮೇಲೆ ಒಂದಷ್ಟು ದಾರದ ತುಂಡು ಹರಡಿರು."

ಮರುದಿನ ಹಾಲ್ವರ್ಸನ್ ಗೊಣಗುತ್ತಲೇ ಬಂದರು. ಅವರ ಪಿತ್ತಕೋಶ ತೆಗೆದವರು ಆಗ್ನೆಸ್, ಬಾರದಿರುವಂತಿರಲಿಲ್ಲ. ಡಾಲ್ಟನ್ ಎಂಬ ಎತ್ತರದ ಹುಡುಗ ಬಂದ. ತಿಳಿಗಣ್ಣಿನ ಐಸಾಕ್ ಲಿಂಡ್‌ಗ್ರೆನ್ ಕೆಂಡ್ರಾಳ ಕೋಟು ಬಿಚ್ಚಲು ನೆರವಾಗಿ, ನನ್ನ ಕೈಲಿದ್ದ ಆಲೂಗಡ್ಡೆ ಕಡುಬಿನ ತಟ್ಟೆಯನ್ನೂ ತಾನೇ ತೆಗೆದುಕೊಂಡ. ಮನೆಗೆ ಇಂಥ ಅಳಿಯ ಬೇಕು ಎಂದುಕೊಂಡೆ.

ಆಗ್ನೆಸ್ ಮಾತ್ರ ಬರಲೇ ಇಲ್ಲ. ಕಡುಬು ಆರಿತು. ಹಾಲ್ವರ್ಸನ್ ಗಡಿಯಾರ ನೋಡಿದರು, ನಿಟ್ಟುಸಿರು ಬಿಟ್ಟರು, ಕೊನೆಗೆ ಒಂದು ದಾರ ಎತ್ತಿಕೊಂಡು ಕುರ್ಚಿಯ ಕೈಗೆ ಗಂಟು ಹಾಕತೊಡಗಿದರು. ಅವರನ್ನು ನೋಡಿ ಡಾಲ್ಟನ್. ಅವನನ್ನು ನೋಡಿ ಐಸಾಕ್.

ಆಗ ಆಗ್ನೆಸ್ ಒಳಬಂದು, ಯಾರಿಗೂ ನಮಸ್ಕಾರ ಹೇಳದೆ, ಕುರ್ಚಿಯಿಂದ ಕುರ್ಚಿಗೆ ಬಗ್ಗಿ ನೋಡಿದರು.

"ಡಾಲ್ಟನ್, ಇದು ಬಲಗೈ ಗಂಟೂ ಅಲ್ಲ, ಎಡಗೈ ಗಂಟೂ ಅಲ್ಲ. ನೀನು ಚರ್ಮದ ಡಾಕ್ಟ್ರಾಗೋದು ವಾಸಿ."

ಡಾಲ್ಟನ್ ಕಿವಿಯವರೆಗೆ ಕೆಂಪಾದ. ಆಗ್ನೆಸ್ ಹಾಲ್ವರ್ಸನ್ ಕಡೆ ತಿರುಗಿದರು.

"ಗ್ರೆಗ್, ಇವಳು ಡಬ್ಬಿ ಮರೆತಳು ಅಂತ ನೀನಂದೆ. ಮರೆತವರ ಡಬ್ಬಿ ಹೊರಗೇ ಇರುತ್ತೆ, ನಡೆದುಕೊಂಡು ವಾಪಸ್ ಹೋಗಲ್ಲ. ಮುಚ್ಚಿಡೋಕೆ ಇವಳೇ ವಾಪಸ್ ಇಟ್ಟಿದ್ರೆ, ಸೋಮವಾರ ಬೆಳಿಗ್ಗೆ ಓಡಿಬಂದು ನಿನಗೇ ಯಾಕೆ ತೋರಿಸ್ತಾಳೆ? ಅಂದ್ರೆ ಇವಳಿಗೆ ಗೊತ್ತಾಗದ ಹಾಗೆ ಮಾಡಬೇಕು ಅಂತಿದ್ದವರ ಕೆಲಸ ಇದು. ಬೇಗ ಕರಗಲಿ ಅಂತ ದಾರ ಕತ್ತರಿಸಿ ಮುಚ್ಚಳ ತೆಗೆದರು. ಆಮೇಲೆ ಹೊಸ ದಾರ ಕಟ್ಟಿದರು. ಹೆದರಿದ್ದಾಗ ಕೈ ತನಗೆ ರೂಢಿಯಾದದ್ದನ್ನೇ ಮಾಡುತ್ತೆ."

"ಅದೇ ನಾನೂ ಹೇಳಿದ್ದು! ಎಡಗೈ ಗಂಟು!" ಎಂದರು ಹಾಲ್ವರ್ಸನ್.

ಆಗ್ನೆಸ್ ತೊಳೆಯದ ಕಪ್ಪನ್ನು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಡಬ್ಬಿಯ ದಾರವನ್ನಿಟ್ಟರು. "ಇದು ನಿನ್ನೆ ಕೆಂಡ್ರಾ ಯೋಚನೆ ಮಾಡದೆ ಹಾಕಿದ್ದು. ಮೊದಲ ಸುತ್ತಲ್ಲಿ ಯಾವ ಎಳೆ ಮೇಲಿದೆ ನೋಡು. ಡಬ್ಬಿಯದನ್ನ ಕನ್ನಡೀಲಿ ನೋಡಿದ ಹಾಗೆ ತಿರುವುಮುರುವಾಗಿದೆ. ಇದು ಬಲಗೈದು. ಯಾಕಮ್ಮಾ ಕೆಂಡ್ರಾ?"

"ಆಪರೇಷನ್ ಥಿಯೇಟರಿಗೆ ಹೋದ ಮೊದಲ ದಿನ ನನ್ನ ಕೈಯಿಂದ ದಾರ ಕಿತ್ಕೊಂಡ್ರು. ನನ್ನೆದುರು ಎಡಗೈ ಬೇಡ, ಬಲಗೈ ಕಲಿತು ಬಾ ಅಂದ್ರು. ಒಂದು ವರ್ಷ ಊಟ ಮಾಡ್ತಾ, ಬಸ್ಸಲ್ಲಿ ಕೂತು, ಬಲಗೈ ಒಂದನ್ನೇ ಪಳಗಿಸಿದೆ. ಈಗ ಎಡಗೈಗೆ ಮರೆತೇ ಹೋಗಿದೆ." ಅವಳು ತಲೆಯೆತ್ತಿದಳು. "ಹಾಗಂದಿದ್ದು ನೀವೇ, ಸರ್."

ಹಾಲ್ವರ್ಸನ್ ಕಡುಬನ್ನು ದಿಟ್ಟಿಸಿದರು.

"ಇವಳು ಬಿಟ್ಟ ಗಂಟನ್ನ ಇನ್ನೂ ಹಾಕ್ತಿರೋರು ಯಾರು?" ಆಗ್ನೆಸ್ ಅವರ ದನಿ ತಗ್ಗಿತು. "ಇವಳ ಕೈ ಬದಲಾಗೋ ಮೊದಲು, ಇವಳ ಬೆರಳು ನೋಡಿ ಹಾಗೇ ಕಲಿತೋನು. ಐಸಾಕ್, ಫೋರ್ಕನ್ನ ಬಲಗೈ ಕಡೆಗೆ ಸರಿಸಿಟ್ಟುಕೊಂಡಿದೀಯ, ನೀನು ಬಲಗೈಯವನು. ಆದ್ರೆ ಕುರ್ಚಿಗೆ ಹಾಕಿದ ಗಂಟು ಎಡಗೈದು."

ಐಸಾಕ್ ಕುರ್ಚಿಯ ಕೈಯನ್ನು ಅಂಗೈಯಿಂದ ಮುಚ್ಚಿದ. ಆಗ ಎಲ್ಲರಿಗೂ ತಿಳಿಯಿತು.

"ಒಂದು ವರ್ಷ ನೀನು ನಿಂತಿದ್ರೆ ಇಬ್ಬರೂ ಒಟ್ಟಿಗೆ ಅರ್ಜಿ ಹಾಕಬಹುದಿತ್ತು, ಕೆಂಡ್ರಾ. ಜೋಡಿ ಅಂತ ಹೆಸರು ಕೊಟ್ರೆ ತರಬೇತಿಗೆ ಒಂದೇ ಊರು ಸಿಗುತ್ತೆ. ಇಲ್ಲಾಂದ್ರೆ ನೀನೆಲ್ಲೋ ಸಿಯಾಟಲ್, ನಾನು ಇಲ್ಲಿ. ಸರ್ ತಪ್ಪನ್ನ ನಿನ್ನ ಮೇಲೇ ಹಾಕ್ತಾರೆ ಅಂತ ಅಂದ್ಕೊಂಡಿರಲಿಲ್ಲ. ಶೈತ್ಯಪೆಟ್ಟಿಗೆ ಕೆಟ್ಟಿತ್ತು ಅಂತಾರೆ ಅಂದ್ಕೊಂಡಿದ್ದೆ."

"ಅವರು ನನ್ನ ಮೇಲೆ ಹಾಕಿದ ಮೇಲೂ ನೀನು ಸುಮ್ಮನಿದ್ದೆ."

ಅವನು ಕುರ್ಚಿಯ ಕೈಗೆ ಕಟ್ಟಿದ ದಾರವನ್ನು ಉಗುರಿನಿಂದ ಬಿಚ್ಚತೊಡಗಿದ.

"ಎಷ್ಟು ಸಲ ಕೇಳ್ದೆ ಕಣೋ, ನಿನಗೇನು ಬೇಕು ಹೇಳು ಅಂತ? ನಿನ್ನೆ ಇಲ್ಲಿಂದ ಮನೆಗೆ ಹೋಗ್ತಾ ನಿಲ್ಲೋದು ಅಂತಲೇ ತೀರ್ಮಾನ ಮಾಡಿದ್ದೆ. ನಿನಗೋಸ್ಕರ. ಬಾಯಿಬಿಟ್ಟು ಒಂದು ಮಾತು ಕೇಳಿದ್ರೆ ಸಾಕಿತ್ತು."

ಅವನು ಅವಳ ಕೋಟಿನ ಪಕ್ಕದಿಂದ ತನ್ನದನ್ನು ತೆಗೆದುಕೊಂಡು ಹೊರಟ. ಡಾಲ್ಟನ್ ಅವನ ಹಿಂದೆಯೇ ಜಾರಿಕೊಂಡ. ಹಾಲ್ವರ್ಸನ್ ಗಂಟಲು ಸರಿಮಾಡಿಕೊಂಡರು.

"ಪತ್ರ ಬರೀತೀನಿ. ಒಳ್ಳೇದನ್ನೇ. ಆದ್ರೂ ನನ್ನ ಮಾತು ಕೇಳಿದ್ರೆ, ಲ್ಯಾಬಲ್ಲಿ ಒಂದು ವರ್ಷ..."

"ನಿಮಗೆ ಒಂದು ವರ್ಷ ಆಗಲೇ ಕೊಟ್ಟಿದೀನಿ, ಸರ್," ಎಂದು ಕೆಂಡ್ರಾ ಬಲಗೈ ಎತ್ತಿ ತೋರಿಸಿದಳು. ಅವರು ಕೋಟು ಎತ್ತಿಕೊಂಡು ಹೊರಟರು. ಬಾಗಿಲು ಮುಚ್ಚಿದ ಸದ್ದು ಕೇಳಿಸಿತು.

ಡೀನ್‌ಗೆ ನಮ್ಮ ಅಡುಗೆಮನೆಯಿಂದಲೇ ಫೋನ್ ಮಾಡಿದಳು. ಇದೇ ವರ್ಷ ಹಾಕುತ್ತೇನೆ ಎಂದಳು.

"ಪ್ರಬಂಧ ಇಲ್ಲ. ಕಷ್ಟ ಆಗುತ್ತೆ," ಎಂದರು ಆಗ್ನೆಸ್.

"ಗೊತ್ತು ಡಾಕ್ಟ್ರೇ. ಎಲ್ಲಾ ಕಡೆ ಬೇಡ ಅಂದ್ರೂ ಅನ್ನಬಹುದು."

ಅವಳು ಮೇಜಿನ ಮೇಲೆ ಉಳಿದ ದಾರವನ್ನು ಎತ್ತಿಕೊಂಡು ಖಾಲಿ ಕುರ್ಚಿಯ ಕೈಗೆ ಸುತ್ತಿದಳು, ಎಡಗೈಯಿಂದ. ಬೆರಳುಗಳು ತಡವರಿಸಿದವು. ಮೊದಲನೆಯದು ಜಾರಿತು, ಎರಡನೆಯದೂ ಜಾರಿತು. ಬೈದುಕೊಂಡಳು. ಮೂರನೆಯದು ನಿಂತಿತು. ದಾರದ ತುದಿಗಳನ್ನು ಮೇಲಕ್ಕೆತ್ತಿ ಹಿಡಿದು, ನೋಡದೆಯೇ, ಕತ್ತರಿಗಾಗಿ ಇನ್ನೊಂದು ಕೈ ಚಾಚಿದಳು. ಬಲಗೈ.

ಎದ್ದುಹೋಗಿ ಅವಳ ಬಲಗೈಯಿಂದಲೇ ದಾರದ ತುದಿ ಹಿಡಿಸಿದೆ. ಕತ್ತರಿಯನ್ನು ಅವಳ ಎಡ ಅಂಗೈಯಲ್ಲಿಟ್ಟೆ.