ರಕ್ಕಸನಿಗೆ ಹೊಲಿದ ಚೀಲ

ಒಬ್ಬ ರಕ್ಕಸನ ಬಾಲವನ್ನು ನನ್ನ ಹೊಲಿಗೆ ಯಂತ್ರದ ಸೂಜಿಗೆ ಸಿಕ್ಕಿಸಿ, ಪೆಡಲ್ ತುಳಿಯುತ್ತಲೇ ಅವನನ್ನು ಏಳು ಊರಿನಾಚೆಗೆ ಎಳೆದುಕೊಂಡು ಹೋಗಿ ಬಿಸಾಕಿ ಬಂದವನು ನಾನು. ವಾಪಸ್ ಬರುವ ದಾರಿಯಲ್ಲಿ ಎರಡು ಪ್ಯಾಂಟಿನ ಅಂಚನ್ನೂ ಮಡಿಚಿ ಮುಗಿಸಿದೆ. ನಂಬದವರು ನಮ್ಮ ಬೀದಿಗೆ ಬಂದು ಕೇಳಬಹುದು. ಬೀದಿಯವರಿಗೆ ಹೇಳಿದವನೂ ನಾನೇ ಎಂಬುದು ಬೇರೆ ಮಾತು.

ಎಲ್ಲ ಶುರುವಾದದ್ದು ಮಹಡಿಯ ಮಾಟಗಾತಿಯಿಂದ. ನನ್ನ ಅಂಗಡಿಯ ಮೇಲೆಯೇ ಅವಳ ಕೋಣೆ. ನಿದ್ದೆ ಬಾರದವರಿಗೆ ನಿದ್ದೆ ಕೊಡುತ್ತಾಳೆ, ಮರೆಯಲಾಗದವರಿಗೆ ಮರೆವು. ಅವಳು ಮೆಟ್ಟಿಲಿಳಿದು ಬಂದರೆ ಹಕ್ಕಿಗಳು ಆಕಾಶದಲ್ಲೇ ಬ್ರೇಕ್ ಹಾಕುತ್ತಿದ್ದವು. ನನ್ನ ಯಂತ್ರವಂತೂ ನಿಂತೇ ಹೋಗುತ್ತಿತ್ತು.

"ಯಾಕೆ ಮಾಸ್ಟ್ರೇ, ದಾರ ತುಂಡಾಯ್ತಾ?" ಎನ್ನುವಳು, ಒಂದೇ ಹುಬ್ಬು ಎತ್ತಿ.

"ಎಣ್ಣೆ ಕಮ್ಮಿ ಕಣ್ರೀ."

"ದಿನಾನೂ?"

ಆ ಹುಬ್ಬು ಇಳಿಯುವಷ್ಟರಲ್ಲಿ ನಾನು ಹೊಲಿಯುತ್ತಿದ್ದ ಅಂಗಿಗೆ ಮೂರು ತೋಳು ಬಂದಿರುತ್ತಿದ್ದವು.

ಒಂದು ಮಧ್ಯಾಹ್ನ ರಕ್ಕಸ ಬಂದ. ಎಂಥಾ ಎತ್ತರವೆಂದರೆ, ಸೊಂಟದ ಅಳತೆ ತೆಗೆಯಲು ನಾನು ಏಣಿ ಹತ್ತಬೇಕಿತ್ತು. ಮಾತು ಮಾತ್ರ ಬೆಣ್ಣೆ.

"ಒಂದು ಚೀಲ ಬೇಕಿತ್ತು. ಮೇಲಿನವಳ ಆತ್ಮ ತುಂಬ್ಕೊಂಡು ಹೋಗೋಕೆ."

ಕತ್ತರಿ ನನ್ನ ಕೈಯಿಂದ ಜಾರಿತು. ಅವನೇ ವಿವರಿಸಿದ. ಹಿಂದೊಮ್ಮೆ ಮಾಟಗಾತಿಯ ತಂಗಿ ಜ್ವರದಲ್ಲಿ ಕೊನೆಯುಸಿರು ಎಳೆಯುತ್ತಿದ್ದಾಗ, ಅವಳನ್ನು ಉಳಿಸು, ನನ್ನ ಆತ್ಮ ತಗೋ ಎಂದು ಮಾಟಗಾತಿ ಅವನಿಗೆ ಮಾತು ಕೊಟ್ಟಿದ್ದಳಂತೆ. ಉಳಿದ ಆ ತಂಗಿ ಈಗ ಬೆಳಗಾದರೆ ಅಕ್ಕನ ತಪ್ಪು ಹುಡುಕುತ್ತಾಳೆ, ಅದಿರಲಿ. ವಾಯಿದೆ ಅವತ್ತಿನ ಸಂಜೆಗೇ ಮುಗಿಯುತ್ತಿತ್ತು.

"ಆತ್ಮ ಎಲ್ಲ ಬಟ್ಟೇಲೂ ನಿಲ್ಲಲ್ಲ ಮಾಸ್ಟ್ರೇ, ಸೋರಿಹೋಗುತ್ತೆ. ಅವಳನ್ನ ಮನಸಾರೆ ಪ್ರೀತಿಸೋನು ಹೊಲಿದ ಚೀಲದಲ್ಲಿ ಮಾತ್ರ ನಿಲ್ಲುತ್ತೆ. ಸೋರಿದ್ರೆ ಅವಳದು ಅವಳಿಗೇ ವಾಪಸ್. ನಾನು ಮತ್ತೆ ಈ ಕಡೆ ತಲೆ ಹಾಕೋ ಹಾಗಿಲ್ಲ."

"ಅದಕ್ಕೆ ನಾನ್ಯಾಕೆ?"

"ಅವಳು ಮೆಟ್ಟಿಲಿಳಿದಾಗ ನಿಮ್ಮ ಯಂತ್ರ ನಿಲ್ಲುತ್ತಲ್ಲ, ಆ ಮೌನ ನಮ್ಮ ಪಾತಾಳದವರೆಗೂ ಕೇಳುತ್ತೆ."

"ಹೊಲಿಯಲ್ಲ ಅಂದ್ರೆ?"

"ತಂಗೀನ ಕರ್ಕೊಂಡು ಹೋಗ್ತೀನಿ."

ಬಾಗಿಲಲ್ಲಿ ಮಾಟಗಾತಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಉಗುರಿನಿಂದ ಚೌಕಟ್ಟಿನ ಬಣ್ಣ ಕೆರೆಯುತ್ತಿದ್ದಳು.

"ಹೊಲೀರಿ ಮಾಸ್ಟ್ರೇ. ಅವಳು ಬದುಕ್ಲಿ." ಕೆರೆಯುವುದನ್ನು ನಿಲ್ಲಿಸಿ ಹೇಳಿದಳು, "ಚೀಲ ನಿಲ್ಲುತ್ತೋ ಇಲ್ವೋ, ನನಗೂ ಒಂದ್ಸಲ ನೋಡ್ಬೇಕು."

ಆ ಕಣ್ಣು! ಒಂದರಲ್ಲಿ ಭಯ, ಇನ್ನೊಂದರಲ್ಲಿ ಆಸೆ. ಎರಡರ ಮಧ್ಯೆ ನನ್ನ ಜೀವ ಉಯ್ಯಾಲೆಯಾಡಿತು. ಕೂರಲಾರೆ, ನಿಲ್ಲಲಾರೆ. ಕಪ್ಪು ಬಟ್ಟೆ ಹರಡಿ ಹೊಲಿದೆ.

ಹೊತ್ತು ಮುಳುಗುವಾಗ ರಕ್ಕಸ ಚೀಲದ ಬಾಯಿ ಅಗಲಿಸಿದ. ನಾನು ಎದೆಯುಬ್ಬಿಸಿ ಎದುರಿಗೇ ನಿಂತಿದ್ದೆ. ಅವಳ ತುಟಿಯಿಂದ ಆತ್ಮ ಹೊರಟಿತು, ಒದ್ದೆ ಬಟ್ಟೆಗೆ ಇಸ್ತ್ರಿ ಇಟ್ಟಾಗ ಏಳುವ ಹಬೆಯ ಹಾಗೆ. ಚೀಲ ಉಬ್ಬಿತು. ನಂತರ ಮೆಲ್ಲಗೆ ಸೊರಗಿತು. ಹಬೆ ಸೋರಿ, ಅವಳ ಸುತ್ತ ಒಮ್ಮೆ ಸುಳಿದು, ಅವಳೊಳಕ್ಕೇ ಹೋಯಿತು.

"ಥೂ! ಇವನಿಗೆ ಪ್ರೀತೀನೂ ಇಲ್ಲ, ಮಣ್ಣೂ ಇಲ್ಲ!" ಎಂದು ರಕ್ಕಸ ಚೀಲ ಎಸೆದ. ಹೊರಟವನ ಬಾಲ ನನ್ನ ಸೂಜಿಗೆ ಸಿಕ್ಕಿತು. ಮುಂದಿನದನ್ನು ಆಗಲೇ ಹೇಳಿದೆನಲ್ಲ.

ಅವಳ ಕೆನ್ನೆಗೆ ಬಣ್ಣ ಮರಳಿತ್ತು. ಆದರೆ ಅವಳು ನಗಲಿಲ್ಲ. ಬಿದ್ದಿದ್ದ ಚೀಲವನ್ನು ಎತ್ತಿಕೊಂಡಳು.

"ಥ್ಯಾಂಕ್ಸ್ ಮಾಸ್ಟ್ರೇ. ನಾನೇ ಏನೋ ತಪ್ಪು ತಿಳ್ಕೊಂಡಿದ್ದೆ."

ಆಮೇಲೆ ಅವಳು ಹಿಂದಿನ ಮೆಟ್ಟಿಲಿನಿಂದಲೇ ಓಡಾಡತೊಡಗಿದಳು. ನನ್ನ ಯಂತ್ರ ಒಂದು ಕ್ಷಣವೂ ನಿಲ್ಲದೆ ಓಡಿತು. ಅದರ ಸದ್ದು ಕೇಳಿದರೆ ಒದೆಯಬೇಕು ಅನ್ನಿಸುತ್ತಿತ್ತು. ಚೀಲದ ವಿಷಯ ಯಾರೂ ಎತ್ತಬಾರದೆಂದು ಬಂದವರಿಗೆಲ್ಲ ಬಾಲದ ಕಥೆ ಹೇಳಿದೆ.

ಒಂದು ಬೆಳಿಗ್ಗೆ ಅಂಗಡಿ ತುಂಬ ಜನ. ಅವಳು ಮುಂಬಾಗಿಲಿನಿಂದಲೇ ಬಂದಳು.

"ಬಾಲ ಹಿಡಿದು ಎಳೆದ್ರಂತೆ?"

"ಏಳು ಊರು," ಎಂದೆ.

"ಅವನಿಗೆ ಬಾಲಾನೇ ಇರ್ಲಿಲ್ಲ."

ಜನ ಗೊಳ್ಳೆಂದರು. ಅವಳು ಚೀಲವನ್ನು ಮೇಜಿನ ಮೇಲೆ ಒಳಮಗ್ಗುಲು ಹೊರಗೆ ಮಾಡಿ, ತಳದ ಮೂಲೆಯಲ್ಲಿ ಕಿರುಬೆರಳು ತೂರಿಸಿದಳು. ಬೆರಳು ಆಚೆ ಬಂತು.

"ಇದೇನು?"

"ಅದಾ... ಅವಸರದಲ್ಲಿ ಹೊಲಿಗೆ ತಪ್ಪಿರ್ಬೇಕು."

ಕೋಟು ಒಯ್ಯಲು ಬಂದಿದ್ದ ಶಾಲೆಯ ಮೇಷ್ಟ್ರು ಬಾಯಿ ಹಾಕಿದರು: "ಹುಟ್ಟಿದಾಗಿಂದ ಒಂದು ಹೊಲಿಗೆ ತಪ್ಪಿಲ್ಲ, ಕಣ್ಣು ಕಟ್ಟಿದ್ರೂ ತಪ್ಪಲ್ಲ ಅಂತಿದ್ರಲ್ರೀ ಈಗ ತಾನೇ!"

"ತೂತಿನ ಎರಡೂ ಕಡೆ ದಾರಕ್ಕೆ ಗಂಟು ಬೇರೆ ಇದೆ," ಎಂದಳು ಅವಳು. "ತಪ್ಪಿದ ಹೊಲಿಗೆಗೆ ಯಾರಾದ್ರೂ ಗಂಟು ಹಾಕ್ತಾರಾ ಮಾಸ್ಟ್ರೇ?"

ಸಿಕ್ಕಿಬಿದ್ದೆ.

ಬಾಲ ಇರಲಿಲ್ಲ. ನಾನು ಯಾರನ್ನೂ ಎಳೆಯಲಿಲ್ಲ. ರಕ್ಕಸನೂ ನನಗಿಂತ ಒಂದು ಗೇಣು ಎತ್ತರ, ಅಷ್ಟೇ. ಅವನು ಚೀಲ ಅಗಲಿಸಿದಾಗ ನಾನು ಇಸ್ತ್ರಿ ಮೇಜಿನ ಕೆಳಗಿದ್ದೆ, ಎರಡೂ ಕೈಯಲ್ಲಿ ಮೇಜಿನ ಕಾಲು ಹಿಡಿದುಕೊಂಡು.

"ಬೇಕಂತಲೇ ಬಿಟ್ಟೆ," ಎಂದೆ.

"ಯಾಕೆ?"

"ಪೂರ್ತಿ ಹೊಲಿದಿದ್ರೆ ನಿಲ್ತಿತ್ತು ಕಣ್ರೀ. ಒಂದು ಹನೀನೂ ಸೋರ್ತಿರ್ಲಿಲ್ಲ."